ನನ್ನ ಫೋನಿಗೆ ಅತ್ತೆಯ ಪರೀಕ್ಷೆ

ದೇವರ ವಾಕ್ಯದಲ್ಲಿ ಗ್ಯಾಸ್ ಸಿಲಿಂಡರಿನ ರಸೀದಿ ಎಲ್ಲಿದೆ? ದೊಡ್ಡ ದೊಡ್ಡ ಪಂಡಿತರನ್ನು ಕೇಳಿ ನೋಡಿ, ತಬ್ಬಿಬ್ಬಾಗುತ್ತಾರೆ. ಮುನಿರಾಬಾದಿನ ನಮ್ಮ ಸೋದರತ್ತೆಯನ್ನು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ: "ದಾನಿಯೇಲನ ಪುಸ್ತಕದಾಗ ಐತಿ. ಮೂರು ಮಂದೀನ ಬೆಂಕ್ಯಾಗ ಒಗದಾರಲ್ಲ, ಆ ಪುಟದಾಗ!"

ಅತ್ತೆಯ ಬೈಬಲ್ಲೆಂದರೆ ಬರೀ ಗ್ರಂಥವೆಂದುಕೊಂಡಿರಾ? ಅದು ಬೀರುವೂ ಹೌದು, ತಿಜೋರಿಯೂ ಹೌದು, ತಹಶೀಲ್ದಾರರ ಕಚೇರಿಯೂ ಹೌದು. ದೇವರು ಬೆಳಕನ್ನು ಮಾಡಿದ ಮೊದಲ ಪುಟದಲ್ಲಿ ಕರೆಂಟ್ ಬಿಲ್ಲು. ಆಕಾಶದಿಂದ ರೊಟ್ಟಿ ಸುರಿದ ಕಡೆ ರೇಷನ್ ಕಾರ್ಡು. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನ ಪುಸ್ತಕದಲ್ಲಿ ದವಾಖಾನೆಯ ಚೀಟಿಗಳು. ಡ್ಯಾಮಿನ ಕೆಲಸದಿಂದ ನಿವೃತ್ತರಾದ ಮಾವನ ಪಿಂಚಣಿ ಕಾಗದ? ನೋಹನ ಜಲಪ್ರಳಯದಲ್ಲಿ! ಹೀಗೆ ಉಬ್ಬಿ ಉಬ್ಬಿ ದಿಂಬಿನಂತಾದ ಆ ಪುಸ್ತಕಕ್ಕೆ ಮಾವನ ಹಳೇ ಪೈಜಾಮದ ಲಾಡಿಯನ್ನು ಬಿಗಿದು ಕಟ್ಟಿದ್ದಾಳೆ. ಬಿಚ್ಚುವುದೂ ಒಂದು ಸಮಾರಂಭವೇ.

ಇಂಥ ಅತ್ತೆಗೆ ಎದುರಾದವರು ನಮ್ಮ ಚರ್ಚಿನ ಹೊಸ ಪಾಸ್ಟರು. ಹರೆಯದವರು, ಮೃದುಮಾತಿನವರು. ಭಾನುವಾರದ ಬೈಬಲ್ ಪಾಠವನ್ನು ಸಭೆಯ ಮುಂದೆ ನಿಂತು ಓದುವುದು ಮೂವತ್ತು ವರ್ಷದಿಂದ ಅತ್ತೆಯ ಹಕ್ಕು. ಆ ಐದು ನಿಮಿಷಕ್ಕಾಗಿಯೇ ಅವಳು ವಾರದ ಉಳಿದ ಹೊತ್ತನ್ನು ಸಹಿಸಿಕೊಳ್ಳುತ್ತಾಳೆ ಎಂದರೂ ತಪ್ಪಿಲ್ಲ. ಪಾಸ್ಟರು ಅದಕ್ಕೇ ಕೈ ಹಾಕಿದರು.

"ಅಮ್ಮಾರ, ನಿಮಗೂ ವಯಸ್ಸಾತು. ಇನ್ನ ಮ್ಯಾಲ ಹುಡುಗ್ರು ಫೋನ್ನಾಗ ನೋಡಿ ಓದ್ಲೇನ್ರಿ? ನೀವು ಆರಾಮ ಕುಂತು ಕೇಳ್ರಿ."

"ಯಾಕ್ರಿ ಪಾಸ್ಟರ, ನಾ ಎಂದಾರ ತೊದಲೀನೇನು? ಒಂದು ಮಾತು ತಪ್ಪಿದ ದಿನಾ ನಾನಾ ಇಳದ ಬರ್ತೀನಿ. ಅಲ್ಲೀತನಕ ನಿಮ್ಮ ಹುಡುಗ್ರು ಚಾರ್ಜಿಂಗ್ ಹಾಕ್ಕೊಂತ ಕುಂತಿರ್ಲಿ!"

ನಾನೋ, ಫೋನಿನ ಬೈಬಲ್ಲಿನವನು. ಕೊಪ್ಪಳದಿಂದ ಪ್ರತಿ ಶನಿವಾರ ಅತ್ತೆಯ ಮನೆಗೆ ಹೋಗುವುದು, ಭಾನುವಾರ ಅವಳನ್ನು ಚರ್ಚಿಗೆ ಕರೆದೊಯ್ಯುವುದು ನನ್ನ ರೂಢಿ. ಪಾಸ್ಟರ ಮೇಲಿನ ಸಿಟ್ಟೆಲ್ಲ ನನ್ನ ಫೋನಿನ ಮೇಲೆ ತಿರುಗಿತು. ಶನಿವಾರ ಸಂಜೆಯಾದರೆ ಸಾಕು, ಲಾಡಿ ಬಿಚ್ಚಿ, ಬೈಬಲ್ಲನ್ನು ತೊಡೆಯ ಮೇಲೆ ಹರವಿಕೊಂಡು ಕೂರುವಳು.

"ನಿನ್ನ ಫೋನು ದೇವರ ಮಾತು ಎಷ್ಟೆಷ್ಟು ನುಂಗೈತಿ, ತಾಳೆ ಹಾಕಿ ನೋಡೂಣು. ನಾಳಿನ ಪಾಠಾ ಓದು."

ಓದಿದೆ.

"ಅಲ್ಲೇ ನಿಂದ್ರು! ಏನೋ ಬಿಟ್ಟೈತಿ ಅಲ್ಲಿ. ಮೊದಲಿಂದ ಓದು."

ಏನೂ ಬಿಟ್ಟಿರಲಿಲ್ಲ! ಆದರೂ ಮೊದಲಿಂದ, ಮತ್ತೆ ಮೊದಲಿಂದ, ಐದಾರು ಸಲ. ಮೂಲೆಯ ಕುರ್ಚಿಯಿಂದ ಮಾವ ಸಮಾಧಾನ ಹೇಳುತ್ತಿದ್ದರು: "ಓದಪಾ, ಓದು. ನನಗೂ ನಲವತ್ತು ವರ್ಷದಿಂದ ಪರೀಕ್ಷಾ ನಡದೈತಿ. ರಿಸಲ್ಟು ಇನ್ನೂ ಬಂದಿಲ್ಲ!"

ಒಂದು ಶನಿವಾರ ಚಹಾ ಕುಡಿಯುತ್ತಿದ್ದಾಗ ಕಾರಟಗಿಯ ಗೆಳೆಯನ ಫೋನು ಬಂತು. ಅವನಿಗೆ ಮಾತು ಕೊಟ್ಟು ಮರೆತಿದ್ದೆ. ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ: "ಗಂಗಾವತಿ ದಾಟೀನಿ, ಬಂದಬಿಟ್ಟೆ!"

ಅತ್ತೆ ಹೌಹಾರಿದಳು. "ಬೈಬಲ್ ಕಿವಿಗೆ ಹಚ್ಕೊಂಡು ಸುಳ್ಳು ಹೇಳ್ತಿಯೇನೋ? ಒಳಗ ದೇವರ ವಾಕ್ಯ ಐತಿ ಅಂತ ನೀನಾ ಹೇಳಿದ್ದಿಲ್ಲ?" ಎಂದವಳೇ ಫೋನು ಕಸಿದುಕೊಂಡು, "ಯಪ್ಪಾ, ಇವ ಇನ್ನೂ ಮುನಿರಾಬಾದ್‌ದಾಗ ಅದಾನ. ಎರಡನೇ ಕಪ್ಪು ಚಾ ಕುಡ್ಯಾಕ ಹತ್ಯಾನ. ಹಾದಿ ನೋಡಬ್ಯಾಡ, ಉಂಡು ಮಲಕ್ಕೊ!" ಎಂದಳು.

ಅಂದಿನಿಂದ ಆ ಮನೆಯಲ್ಲಿ ಹೊಸ ಕಾನೂನು. ಟಚ್ ಫೋನಿನಲ್ಲಿ ಬರೀ ಸತ್ಯ. ಸುಳ್ಳು ಹೇಳಲೇಬೇಕೆಂದರೆ ಗೋಡೆಯ ಗೂಡಿನಲ್ಲಿರುವ ಮಾವನ ಕೀಪ್ಯಾಡ್ ಫೋನು, ಅದರಲ್ಲಿ ಬೈಬಲ್ಲಿಲ್ಲವಲ್ಲ!

ಹೋದ ತಿಂಗಳ ಒಂದು ಭಾನುವಾರ. ಅತ್ತೆ ಬೈಬಲ್ಲಿನ ಕೀರ್ತನೆಯೊಂದನ್ನು ಓದಲು ನಿಂತಳು. ಮೈಕು ಗೊರಗೊರ ಎಂದಿತು. ಸರಿಪಡಿಸಲೆಂದು ಓಡಿಹೋಗಿ ಅವಳ ಪಕ್ಕ ನಿಂತೆ. ಅತ್ತೆಯ ಬೆರಳು ಸಾಲಿನಿಂದ ಸಾಲಿಗೆ ಗಂಭೀರವಾಗಿ ಸರಿಯುತ್ತಿತ್ತು. ದನಿ ಗಂಟೆಯಂತೆ. ತಡೆಯಿಲ್ಲ, ತೊದಲಿಲ್ಲ. ಪುಟ ನೋಡಿದೆ. ಗ್ಯಾಸಿನ ರಸೀದಿ!

ಬೆರಳು ದಾನಿಯೇಲನ ಬೆಂಕಿಯ ಮೇಲಿತ್ತು. ಬಾಯಿ ಕೀರ್ತನೆ ಹೇಳುತ್ತಿತ್ತು. ಹೇಳುವ ರೀತಿಯೂ ಹಿಂದಿನ ಸಂಜೆ ನಾನು ಓದಿದ ರೀತಿಯೇ. ನಾನು ಉಸಿರು ತೆಗೆದುಕೊಂಡಲ್ಲೇ ಅವಳೂ ತೆಗೆದುಕೊಂಡಳು.

ಮನೆಗೆ ಬಂದು, ಅವಳು ಒಳಗೆ ಹೋದಾಗ ಲಾಡಿ ಬಿಚ್ಚಿ ಯೋಬನ ಪುಸ್ತಕ ತಡಕಿದೆ. ಸಕ್ಕರೆ ಕಾಯಿಲೆಯ ಚೀಟಿಗಳಿದ್ದವು, ಮೊಣಕಾಲಿನವು ಇದ್ದವು. ಕಣ್ಣಿನದು ಇರಲಿಲ್ಲ. ಅದು ಸಿಕ್ಕಿದ್ದು ಮುಂದೆಲ್ಲೋ, ದಾರಿಬದಿಯ ಕುರುಡನಿಗೆ ಯೇಸು ಕಣ್ಣು ಕೊಟ್ಟ ಪುಟದಲ್ಲಿ. ಹೋದ ದೃಷ್ಟಿ ಮರಳುವುದು ಕಷ್ಟ ಎಂದು ಡಾಕ್ಟರು ಬರೆದಿದ್ದರು. ಬಿಚ್ಚಿ ಮಡಚಿ ಚೀಟಿಯ ಮಡಿಕೆಗಳು ಹರಿಯುವಂತಾಗಿದ್ದವು. ಇದ್ದಲ್ಲೇ ಇಟ್ಟು, ಲಾಡಿ ಕಟ್ಟಿದೆ.

ಮರುಶನಿವಾರ ಅವಳು ಕರೆಯುವ ಮೊದಲೇ ಎದುರಿಗೆ ಕೂತು ಫೋನು ತೆಗೆದೆ. "ಅತ್ತಿ, ಇದರ ಮ್ಯಾಲ ನನಗೂ ಭರೋಸಾ ಇಲ್ಲ ನೋಡು. ಭಾಳ ಮಾತು ನುಂಗತೈತಿ. ಇವತ್ತ ಹತ್ತು ಸಲ ಓದ್ತೀನಿ. ಛಲೋತ್ನಾಗ ತಾಳೆ ಹಾಕಿ ನೋಡು."

ಅತ್ತೆ ಎದ್ದು, ಗೋಡೆ ಸವರುತ್ತ ಗೂಡಿನವರೆಗೆ ಹೋಗಿ, ಕೀಪ್ಯಾಡ್ ಫೋನು ತಂದು ನನ್ನತ್ತ ಚಾಚಿದಳು. ನಾನು ಕೂತಿದ್ದಲ್ಲಿಗಿಂತ ಒಂದು ಗೇಣು ಎಡಕ್ಕೆ.

"ಸುಳ್ಳು ಹೇಳೂದಿದ್ರ ಇದನ್ನ ಹಿಡಕೊಂಡು ಹೇಳಪಾ."

ಎಡಗೈಯಲ್ಲಿ ಅದನ್ನು ಹಿಡಿದುಕೊಂಡು, ಬಲಗೈಯಲ್ಲಿದ್ದುದನ್ನು ಓದತೊಡಗಿದೆ. ಅತ್ತೆ ಕೇಳುತ್ತ ಕೂತಳು. ಲಾಡಿ ಬಿಚ್ಚಲಿಲ್ಲ.