ಮುಳ್ಳುಹಂದಿಗೆ ಕ್ಷೌರ

ಈ ಸಲ ಸ್ಕೌಟ್ ಮಕ್ಕಳ ಚಳಿಗಾಲದ ಶಿಬಿರಕ್ಕೆ ನಾನೂ ಹೊರಟೇಬಿಡುವುದೆಂದು ಘೋಷಿಸಿದೆ! ಕ್ವಿಬೆಕ್‌ನಲ್ಲಿ ಹುಟ್ಟಿ, ಅರ್ಧ ವರ್ಷ ಮನೆ ಮುಂದಿನ ಹಿಮ ಎತ್ತೆತ್ತಿಯೇ ಸೊಂಟ ಕಳೆದುಕೊಂಡ ನನಗೆ ಹಿಮದ ಪಾಠ ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಹೆಂಗಸು ಹುಟ್ಟಿದ್ದಳು. ಅವಳೇ ನನ್ನ ಹೆಂಡತಿ, ಶಿಬಿರದ ನಾಯಕಿ ಜಿಸ್ಲೇನ್.

"ನಿಮಗೆ ಎರಡೇ ಕೆಲಸ," ಎಂದಳು. "ಬಟಾಣಿ ಸೂಪ್ ಕಾಯಿಸೋದು, ಮಕ್ಕಳು ಹಿಮದ ರಾಶಿಯೊಳಗೆ ತೋಡ್ತಿರುವಾಗ ಹೊರಗೆ ಕಾವಲಿರೋದು. ಮೂರನೇದಕ್ಕೆ ಕೈ ಹಾಕಬೇಡಿ. ಮರಿಲೂ ಗುಂಪಿಗೆ ಇದೇ ಕೊನೇ ಅವಕಾಶ. ತಾವೇ ಕಟ್ಟಿದ ಹಿಮದ ಗೂಡಲ್ಲಿ ಇವತ್ತು ಮಲಗಿದ್ರೇನೇ ಬ್ಯಾಡ್ಜ್."

"ನಾನಿದ್ದೀನಲ್ಲ!"

"ಅದೇ ಭಯ."

ಹನ್ನೆರಡರ ಹುಡುಗಿ ಮರಿಲೂ ಮತ್ತವಳ ಮೂವರು ಸಂಗಡಿಗರು ಬೆಳಿಗ್ಗೆಯೇ ಆಳೆತ್ತರ ಹಿಮ ರಾಶಿ ಹಾಕಿ, ಗಟ್ಟಿಯಾಗಲೆಂದು ಬಿಟ್ಟು, ಸ್ಕೀ ಕಟ್ಟಿಕೊಂಡು ಸುತ್ತಾಡಲು ಹೋಗಿದ್ದರು. ರಾಶಿಯ ಮೈತುಂಬ ಕಡ್ಡಿ ಚುಚ್ಚಿದ್ದರು. ಥೇಟ್ ಮುಳ್ಳುಹಂದಿ! ಮಕ್ಕಳ ಅಲಂಕಾರವೆಂದರೆ ಹೀಗೇ ಅಂದುಕೊಂಡೆ. ಇತ್ತ ನನ್ನ ಒಲೆಯ ಸೌದೆ ಒದ್ದೆ. ಹೊಗೆಯಲ್ಲದೆ ಬೇರೇನೂ ಕೊಡಲೊಲ್ಲದು. ಕಡ್ಡಿಗಳೋ ಒಣಗಿ ಗರಿಗರಿ. ಎಲ್ಲವನ್ನೂ ಕಿತ್ತು, ತೂತು ಸವರಿ, ರಾಶಿಯನ್ನು ಮದುವೆ ಗಂಡಿನ ಕೆನ್ನೆಯಂತೆ ನುಣುಪು ಮಾಡಿದೆ. ಸೂಪ್ ಕೊತಕೊತ ಕುದಿಯಿತು.

ಅಷ್ಟರಲ್ಲಿ ಹೊಸ ಹಿಮ ಬಿತ್ತು. ಸುತ್ತಾಟ ಮುಗಿಸಿ ಬಂದ ಮಕ್ಕಳು, ಕಡ್ಡಿಗಳು ಅದರಡಿ ಮುಚ್ಚಿಹೋಗಿವೆ ಎಂದುಕೊಂಡು, ಬಾಗಿಲು ಕೊರೆದು ಒಳಗೆ ತೂರಿದರು. ನಾನು ಸೌಟು ಹಿಡಿದು ಕಾವಲು ನಿಂತೆ. ಸ್ವಲ್ಪ ಹೊತ್ತಿಗೆ ರಾಶಿಯ ಪಕ್ಕೆಯಿಂದ ಒಂದು ಕೈ ಹೊರಬಂದು ಗಾಳಿಯಲ್ಲಿ ತಡಕಾಡಿತು. ಏನು ಮಾಡಬೇಕೆಂದು ತೋಚದೆ ಅದನ್ನು ಹಿಡಿದು ಕುಲುಕಿದೆ! ಒಳಗೆ ಚೀರಾಟ.

"ಯಾರದು?"

"ನಾನಮ್ಮ, ನೊರ್ಮಾಂ ಮಾಮ. ಹೊರಗಿದ್ದೀನಿ."

"ಹೊರಗಾ? ನಾವಿನ್ನೂ ಗೋಡೆ ಮಧ್ಯ ಇದ್ದೀವಿ!"

"ಗೋಡೆ ಎಲ್ಲಿದೆ?"

"ಅದನ್ನೇ ನಾವು ಕೇಳ್ತಿರೋದು!"

ಇನ್ನೊಂದು ಕಡೆ ಸಲಿಕೆ ಇಣುಕಿತು. ಆ ತೂತು ಮುಚ್ಚಿದರೆ ಈ ತೂತು. ಒಳಗೆ ಯಾವುದು, ಹೊರಗೆ ಯಾವುದು, ನನಗೊಂದೂ ತಿಳಿಯದು.

"ಮಾಮ, ಕಡ್ಡಿ ಎಲ್ಲಿ?" ಮರಿಲೂ ಕೂಗಿದಳು. "ಹೊರಗಿಂದ ಮೊಳದುದ್ದ ಚುಚ್ಚಿದ್ವಿ. ತುದಿ ಕಂಡಲ್ಲಿ ತೋಡೋದು ನಿಲ್ಲಿಸ್ಬೇಕು. ಅದಿಲ್ದೆ ಗೋಡೆ ಎಷ್ಟು ದಪ್ಪ ಅಂತ ಹೇಗೆ ಗೊತ್ತಾಗುತ್ತೆ?"

ನಾನು ಒಲೆಯ ಕಡೆ ತಿರುಗಿ ನೋಡಿದೆ.

"ಕಡ್ಡಿ... ಸೂಪಿನಡಿ ಇದೆ."

"ಎಲ್ರೂ ಹೊರಗೆ ಬನ್ರೋ!" ಎಂದಳು ಮರಿಲೂ. ನಾಲ್ವರೂ ತೆವಳಿಕೊಂಡು ಬಂದರು. ಆಗ ರಾಶಿಯ ನೆತ್ತಿಯಲ್ಲೂ ಒಂದು ತೂತು ಕಂಡಿತು. ಅದನ್ನಾದರೂ ಮುಚ್ಚಿ ಮಾನ ಉಳಿಸಿಕೊಳ್ಳೋಣವೆಂದು ಮೇಲೆ ಹತ್ತಿದೆ. ಹತ್ತಿದ್ದಷ್ಟೇ ನೆನಪು! ದೊಪ್ಪನೆ ನಾನು ಒಳಗಿದ್ದೆ, ಚಾವಣಿ ನನ್ನ ಮೇಲಿತ್ತು.

ಮಕ್ಕಳು ಕಂಗೆಡಲಿಲ್ಲ. ಮೊದಲು ನನ್ನ ಮುಖ ಬಿಡಿಸಿದರು, ಆಮೇಲೆ ಎಳೆದು ಹಾಕಿ, ಕಂಬಳಿ ಸುತ್ತಿ, ಸೂಪ್ ಕುಡಿಸಿದರು. ಉಳಿದ ಗೋಡೆಯ ಮೇಲೆ ಹಿಮದ ಗಟ್ಟಿಗಳನ್ನು ಏರಿಸಿ, ಟಾರ್ಪಾಲು ಹೊದಿಸಿ, ಅಲ್ಲೇ ಮಲಗಿದರು. ನನಗೋ ಅಳುವೇ ಬಂತು. ನನ್ನಿಂದ ಪಾಪ ಮಕ್ಕಳ ಬ್ಯಾಡ್ಜ್ ಹೋಯಿತಲ್ಲ!

ಬೆಳಿಗ್ಗೆ ಜಿಸ್ಲೇನ್ ನಾಲ್ವರ ಎದೆಗೂ ಬ್ಯಾಡ್ಜ್ ಸಿಕ್ಕಿಸಿದಳು. "ಗೂಡು ಚೆಂದ ಇರ್ಬೇಕು ಅಂತೇನಿಲ್ಲ. ಕಾಡಲ್ಲಿ ವಿಪತ್ತು ಎರಗಿದಾಗ ಏನ್ ಮಾಡ್ತೀರ ಅನ್ನೋದೇ ಪರೀಕ್ಷೆ."

ಹಿಗ್ಗಿನಿಂದ ನಾನೂ ಎದೆ ಮುಂದೊಡ್ಡಿದೆ. "ನನಗೆ?"

"ವಿಪತ್ತಿಗೆ ಯಾರಾದ್ರೂ ಬ್ಯಾಡ್ಜ್ ಕೊಡ್ತಾರೇನ್ರೀ?"