ಬಿಜ್ಲಿಯ ಸುರಕ್ಷತಾ ತಪಾಸಣೆ

ಸುರಕ್ಷಿತ ಎಂಬ ಪದವನ್ನು ನಾನು ಹೊಟ್ಟೆಪಾಡಿಗಾಗಿ ಬಳಸುವವನು. ದೆಹಲಿಯ ಹೌಜ್ ಖಾಸ್ ಬಳಿಯ ಇಂಜಿನಿಯರಿಂಗ್ ಸಂಸ್ಥೆಯೊಂದರಲ್ಲಿ ಸೇತುವೆಗಳ ಬಗ್ಗೆ ಪಾಠ ಹೇಳುತ್ತೇನೆ. ಆಗಾಗ ಯಾವುದಾದರೂ ಹಳೆಯ ಸೇತುವೆಯ ಕೆಳಗೆ ನಿಂತು, ತಲೆಯೆತ್ತಿ ನೋಡಿ, ಇದರ ಮೇಲೆ ಜನ ಓಡಾಡಬಹುದು ಅಥವಾ ಓಡಾಡಬಾರದು ಎನ್ನುತ್ತೇನೆ. ಈವರೆಗೆ ಯಾವ ಸೇತುವೆಯೂ ನನ್ನತ್ತ ತಿರುಗಿ ಕಿವಿಯನ್ನು ಹಿಂದಕ್ಕೆ ಮಡಚಿಲ್ಲ. ಇದರಿಂದ ನನ್ನಲ್ಲಿ ಒಂದು ಬಗೆಯ ಆತ್ಮವಿಶ್ವಾಸ ಬೆಳೆದಿತ್ತು.

ಅದನ್ನು ಕೆಡಿಸಿದವರು ಮೇಜರ್ ಮಂದಣ್ಣ. ಕೊಡಗಿನವರು, ಕಂಟೋನ್ಮೆಂಟಿನಲ್ಲಿ ಮನೆ. ದೆಹಲಿಯಲ್ಲಿ ಕನ್ನಡ ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಸ್ನೇಹವಾದವರು. ಅವರಿಗೆ ಈಶಾನ್ಯದ ಕಡೆ ವರ್ಗವಾಯಿತು. ಅವರ ಸ್ವಂತ ಕುದುರೆ ಬಿಜ್ಲಿ ಗುರಗಾಂವಿನಾಚೆಯ ಒಂದು ಲಾಯದಲ್ಲಿತ್ತು. ಕುದುರೆಯವರಲ್ಲಿ ಲೋನ್ ಎಂಬ ಪದ್ಧತಿಯಿದೆ: ಒಡೆತನ ಅವರದೇ, ಮೇವು, ಆರೈಕೆ, ಸವಾರಿ ನಮ್ಮದು. ಬೆಕ್ಕಿಗೆ ಹಾಲು ಹಾಕಿ ಎಂದು ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ಊರಿಗೆ ಹೋಗುತ್ತಾರಲ್ಲ, ಹಾಗೆ. ಬೆಕ್ಕು ಸ್ವಲ್ಪ ದೊಡ್ಡದು. ಸವಾರಿ ಕಲಿತಿದ್ದ ನನ್ನ ಹದಿಮೂರರ ಮಗಳು ಶಾರ್ವರಿ ಬಿಜ್ಲಿಯೇ ಬೇಕೆಂದು ಕೂತಳು. ನಾವು ಬೇಡವೆಂದರೆ ಅದು ಮೀರತ್ತಿನ ಯಾರದೋ ಪಾಲಾಗುತ್ತಿತ್ತು. "ಪ್ಲೀಸ್ ಪಪ್ಪಾ, ಒಂದ್ಸಲ ಹೋದ್ರೆ ಅವಳು ವಾಪಸ್ ನಹೀ ಆಯೇಗೀ," ಎಂದಳು. ಹೆಂಡತಿ ಸುಧಾ, "ಸೇಫ್ ಅಂತ ನೀವು ಹೇಳಿಬಿಡಿ, ನಾನು ಒಪ್ತೀನಿ," ಎಂದು ನನ್ನ ವೃತ್ತಿಗೌರವವನ್ನು ಕೆಣಕಿದಳು.

"ಬಿಜ್ಲಿ, ಅಂದ್ರೆ ಮಿಂಚು, ಅಂತ ಯಾಕೆ ಹೆಸರಿಟ್ರಿ?" ಎಂದು ಮೇಜರರನ್ನು ಕೇಳಿದೆ.

"ಹೆಸರಲ್ಲಿ ಏನಿದೆ ಮೇಷ್ಟ್ರೇ. ನಮ್ಮ ಯೂನಿಟ್ಟಲ್ಲಿ ಒಬ್ಬ ಶಾಂತಿಲಾಲ್ ಇದ್ದ. ದಿನಾ ಯಾರಿಗಾದ್ರೂ ಹೊಡೀತಿದ್ದ."

ಲಾಯಕ್ಕೆ ಹೋದ ಮೊದಲ ಭಾನುವಾರ ನಡೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದ್ದರಿಂದ ಅದನ್ನು ಪೂರ್ತಿ ನಂಬಬೇಡಿ. ನನ್ನ ನೆನಪಿನ ಬಿಜ್ಲಿ ಕಪ್ಪು. ಸುಧಾಳ ಬಿಜ್ಲಿ ಕಂದು. ಅಂದು ತೆಗೆದ ಫೋಟೋದಲ್ಲಿ ಬರೀ ಮಂಜಿದೆ, ನಡುವೆ ಒಂದು ಕಾಲು. ಅದು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಹಲ್ಲುಗಳ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಜೀನಿನ ಪಟ್ಟಿಯನ್ನು ಹೊಟ್ಟೆಗೆ ಬಿಗಿಯುವಾಗ ಬಿಜ್ಲಿ ಕತ್ತು ತಿರುಗಿಸಿ ಗಾಳಿಯನ್ನು ಕಚ್ಚಿತು. "ಅದು ಅವಳ ಹಳೇ ಚಾಳಿ. ನಿಧಾನಕ್ಕೆ ಬಿಗಿದ್ರೆ ಸುಮ್ನಿರ್ತಾಳೆ," ಎಂದರು ಮೇಜರ್. ಸರಿ ಎಂದು ನಾನು ಹತ್ತಿರ ಹೋದೆ. ಅದು ಬುಸುಗುಟ್ಟಿ ಗೋಡೆಗೆ ಒರಗುವವರೆಗೂ ಹಿಂದೆ ಸರಿಯಿತು. ಮುಂದಿನ ಭಾನುವಾರ ಇನ್ನೂ ಎಚ್ಚರಿಕೆಯಿಂದ, ಇನ್ನೂ ನಿಧಾನವಾಗಿ, ಇನ್ನೂ ಹತ್ತಿರ ಹೋದೆ. ಈ ಸಲ ಒದೆಯಿತು, ಸಿಕ್ಕಿದ್ದು ಬಕೆಟ್ಟು. ವಿಧಾನ ಬದಲಿಸದೆ ಪ್ರಯೋಗ ಮಾಡಿದ್ದೆ, ಫಲಿತಾಂಶವೂ ಬದಲಾಗಿರಲಿಲ್ಲ. ನಮ್ಮಲ್ಲಿ ಇದನ್ನು ಸಾಬೀತು ಎನ್ನುತ್ತಾರೆ.

"ಈ ಕುದುರೆ ಸುರಕ್ಷಿತವಲ್ಲ," ಎಂದು ಕಾರಿನಲ್ಲಿ ತೀರ್ಪು ಕೊಟ್ಟೆ. ಶಾರ್ವರಿ ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ಅವಳು ಮುನಿರ್ಕಾದ ನಮ್ಮ ಮನೆ ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಳು.

ಮತ್ತೊಂದು ಭಾನುವಾರ, ಮೇಜರರಿಗೆ ಎದುರಿಗೇ ಬೇಡವೆಂದು ಹೇಳಿ ಬರಲು ಹೊರಟೆವು. ಓಣಿಯಲ್ಲಿ ಮೇವಿನ ಟ್ರಾಕ್ಟರ್ ಅಡ್ಡ ನಿಂತಿತ್ತು. ತಾಯಿ ಮಗಳನ್ನು ಮುಂದೆ ಕಳಿಸಿ, ಕಾರಿಗೆ ಜಾಗ ಹುಡುಕಿ ನಾನು ತಡವಾಗಿ ತಲುಪಿದೆ. ಬೇಲಿಯಾಚೆ ಶಾರ್ವರಿ ಬಿಜ್ಲಿಯ ಮೇಲಿದ್ದಳು. ಮೇಜರ್ ಮೊದಲು ತಾವೇ ಹತ್ತಿ ಎರಡು ಸುತ್ತು ಹಾಕಿ, ಆಮೇಲೆ ಅವಳನ್ನು ಹತ್ತಿಸಿದ್ದರಂತೆ. ಹೋಳಿಗೆ ಊಟ ಮುಗಿಸಿದ ಹಿರಿಯರ ಹಾಗೆ ಬಿಜ್ಲಿ ಹೆಜ್ಜೆ ಹಾಕುತ್ತಿತ್ತು. ಇದು ಬೇರೆ ಕುದುರೆಯಿರಬೇಕು ಎಂದುಕೊಂಡು ಗೇಟು ತೆರೆದು ಒಳಗೆ ಹೋದೆ. ಕತ್ತು ಮೇಲೆದ್ದಿತು, ಕಿವಿ ಹಿಂದೆ ಹೋಯಿತು, ಬಿಜ್ಲಿ ಏಡಿಯಂತೆ ಅಡ್ಡಡ್ಡ ಓಡಿತು. ಶಾರ್ವರಿ ಲಗಾಮು ಹಿಡಿದು, ಏನೋ ಪಿಸುಗುಟ್ಟಿ, ನಿಲ್ಲಿಸಿದಳು.

"ಪಪ್ಪಾ, ಅವಳು ಆಪ್ ಸೇ ಡರ್ ರಹೀ ಹೈ, ಹೆದರಿದ್ದಾಳೆ. ಟೋಪಿ ತೆಗೀರಿ ನಾ."

ದೆಹಲಿಯ ಚಳಿಗೆ ದಕ್ಷಿಣದವರಾದ ನಾವು ತಯಾರಾಗುವ ಒಂದು ಕ್ರಮವಿದೆ. ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಅದರ ಮೇಲೆ ಮೊಣಕಾಲಿನವರೆಗೆ ಶಾಲು, ಎರಡೂ ಕೈ ಒಳಗೆ. ಕುದುರೆಯ ಕಡೆಯಿಂದ ನೋಡಿದರೆ, ಕೈಯಿಲ್ಲದ, ಕಿವಿಯಿಲ್ಲದ ಒಂದು ಪ್ರಾಣಿ ಮಂಜಿನಲ್ಲಿ ಸದ್ದಿಲ್ಲದೆ ಹತ್ತಿರ ಬರುತ್ತಿದೆ. ಟೋಪಿ ತೆಗೆದೆ, ಕಿವಿಗಳು ಮುಂದೆ ಬಂದವು. ಶಾಲು ತೆಗೆದೆ, ಬಿಜ್ಲಿ ಆಕಳಿಸಿತು.

"ಇದನ್ನ ಮೊದಲೇ ಹೇಳಬಹುದಿತ್ತಲ್ಲ ಮೇಜರ್ ಸಾಹೇಬರೇ?"

"ಹೇಳಿದ್ರೆ ನೀವು ತೆಗೆದುಬಿಡ್ತಿದ್ರಿ. ಹೆದರಿದಾಗ ಇವಳೇನು ಮಾಡ್ತಾಳೆ, ಮೇಲೆ ಕೂತಾಗ ಮಗು ಏನು ಮಾಡುತ್ತೆ, ನೋಡ್ಬೇಕಿತ್ತು. ಹೆದರಿಸೋಕೆ ಇಷ್ಟು ಒಳ್ಳೇ ವಸ್ತು ಈ ಲಾಯದಲ್ಲಿ ಇನ್ನೊಂದಿಲ್ಲ."

ಹೊಸ ಸೇತುವೆಯ ಮೇಲೆ ಮರಳು ಮೂಟೆ ತುಂಬಿದ ಲಾರಿ ನಿಲ್ಲಿಸಿ ನಾವು ಪರೀಕ್ಷಿಸುತ್ತೇವೆ. ಲಾರಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಆದರೂ ಸುಧಾ ಶಾಸ್ತ್ರಕ್ಕೆ ಕೇಳಿದಳು, "ಏನಂತೀರಿ, ಸೇಫಾ?" ಗಂಭೀರವಾಗಿ ಹೌದೆನ್ನಲು ಬಾಯಿ ತೆರೆದೆ. ಬರಿದಲೆಯ ಚಳಿಗೆ ದೊಡ್ಡದೊಂದು ಸೀನು ಬಂತು. ಬೇಲಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹೋದವು. ಬಿಜ್ಲಿ ತಿರುಗಿಯೂ ನೋಡಲಿಲ್ಲ. ಅಷ್ಟು ಹೊತ್ತಿಗೆ ನಾನು ಅದಕ್ಕೆ ಅಭ್ಯಾಸವಾಗಿಬಿಟ್ಟಿದ್ದೆ, ನಮ್ಮ ಮನೆಯವರಿಗೆ ಆಗಿರುವಂತೆಯೇ.