ದೋಸೆ ಬಿಟ್ಟ ನಾಯಿ

ಮನುಷ್ಯನ ನಾಗರಿಕತೆ ನಿಂತಿರುವುದು ಶಿಸ್ತಿನ ಮೇಲೆ ಎಂದು ದೊಡ್ಡವರು ಹೇಳುತ್ತಾರೆ. ಹಾಗೆ ಹೇಳುವವರ ಮನೆಗೆ ನಾನು ಹೋದಾಗ ನಾಯಿ ನಿಂತಿರುವುದು ಸೋಫಾದ ಮೇಲೆ, ಅವರು ನಿಂತಿರುವುದು ಕುರ್ಚಿಯ ಮೇಲೆ.

ನಾಸಿಕ್ ರೋಡಿನಲ್ಲಿ ನನ್ನ ವಾಸ, ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಕಸುಬು. ಇದರಲ್ಲಿ ಗೌರವವಿಲ್ಲವೆಂದಲ್ಲ, ಅದನ್ನು ನಾಯಿಗಳು ಕೊಡುತ್ತವೆ. ಬೀದರ ಕಡೆಯ ನಮ್ಮ ಬೀಗರು ಮದುವೆಮನೆಯಲ್ಲಿ ನನ್ನನ್ನು ಮಾಸ್ತರರೆಂದು ಪರಿಚಯಿಸುತ್ತಾರೆ. ಯಾವ ಶಾಲೆ ಎಂದು ಯಾರಾದರೂ ಕೇಳಿದರೆ ಊಟದ ಪಂಕ್ತಿಯ ಕಡೆ ಕೈ ತೋರಿಸುತ್ತಾರೆ. ಹೆಂಡತಿಯ ಮಾತು ಇನ್ನೂ ನೇರ. "ಮಂದಿ ನಾಯಿಗೋಳಿಗಿ ಕೂಡು, ಏಳು ಅಂತ ಊರ ತುಂಬ ತಿರಗ್ತೀರಿ. ಮುಂಜಾನಿ ನಾ ಏಳ್ರಿ ಅಂದ್ರ ನೀವು ಏಳಂಗಿಲ್ಲ." ನಾವಿರುವ ಬಾಡಿಗೆ ಮನೆಯಲ್ಲಿ ನಾಯಿ ಸಾಕುವಂತಿಲ್ಲವೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ದೂರದ ಸಂಭಾಜಿನಗರದಲ್ಲಿ ಕರಾವಳಿಯ ಶೆಟ್ಟರೊಬ್ಬರದು ಕೆಳಗೆ ಸಸ್ಯಾಹಾರಿ ಹೋಟೆಲು, ಮೇಲೆ ಮನೆ. ಅವರ ನಾಯಿ ಸೋನು ಮೆಟ್ಟಿಲಿಳಿದು ಬಂದು ಗಿರಾಕಿಗಳ ತೊಡೆಯ ಮೇಲೆ ತಲೆಯಿಟ್ಟು ಉತ್ತಪ್ಪ ಬೇಡುತ್ತಿತ್ತು. "ಕಂಡವರ ಕೈಯಲ್ಲಿ ತಿನ್ನುದು ಬಿಡಿಸ್ಬೇಕು ಮಾಸ್ಟ್ರೇ. ಇಲ್ಲಾಂದ್ರೆ ಅಣ್ಣ ಇದನ್ನು ನಿಫಾಡಿಗೆ, ಅವರ ದ್ರಾಕ್ಷಿ ತೋಟ ಕಾಯ್ಲಿಕ್ಕೆ ಕಳಿಸ್ತಾರೆ" ಎಂದರು ಶೆಟ್ಟರು. ಹೋಟೆಲಿನ ಬಂಡವಾಳ ಅಣ್ಣನದು, ಆದ್ದರಿಂದ ತೀರ್ಮಾನಗಳೂ ಅಣ್ಣನವು.

ಒಂದು ತಿಂಗಳು ಅಲ್ಲೇ ಕೆಲಸಗಾರರ ಕೋಣೆಯಲ್ಲಿ ಉಳಿದೆ. ಶೆಟ್ಟರ ತಾಯಿ ದಿನಾ ಬೆಳಿಗ್ಗೆ ಎರೆದ ಮೊದಲ ದೋಸೆಯನ್ನು ಸೋನುವಿಗೆ ಹಾಕಿದ ಮೇಲೆಯೇ ಉಳಿದವರಿಗೆ ಬಡಿಸುತ್ತಿದ್ದರು. ನಾನು ಅದನ್ನು ನಿಷೇಧಿಸಿದೆ. "ನನ್ನ ಅಪ್ಪಣೆ ಇಲ್ಲದೆ ಅದು ಯಾರ ಕೈಯದನ್ನೂ ಮುಟ್ಟಬಾರದು, ಅಮ್ಮಾ."

"ನಾನು ಯಾರೋ ಒಬ್ಬಳಾ?" ಎಂದರು ಅಮ್ಮ.

ಈ ಪ್ರಶ್ನೆ ನನ್ನ ಪಠ್ಯಕ್ರಮದಲ್ಲಿರಲಿಲ್ಲ.

ಪರೀಕ್ಷೆಯ ದಿನ ಅಣ್ಣ ಬಂದು ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತರು. ಮಾಣಿಗಳು ವಡೆ ಚಾಚಿದರು, ಗಿರಾಕಿಯೊಬ್ಬರು ಉತ್ತಪ್ಪ ಚಾಚಿದರು. ಸೋನು ತ್ರ್ಯಂಬಕೇಶ್ವರದಲ್ಲಿ ಪೂಜೆಗೆ ಕುಳಿತ ಯಜಮಾನರಂತೆ ಹಸಿವು ನುಂಗಿಕೊಂಡು ಕುಳಿತಿತ್ತು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅಮ್ಮ, ಸೋನುವಿನ ತಿಂಗಳ ವ್ರತ ಮುಗಿಯಿತೆಂದು, ತುಪ್ಪ ಸವರಿದ ದೋಸೆ ಹಿಡಿದು ಕೆಳಗಿಳಿದು "ಬಾ ಮಗಾ" ಎಂದರು. ಸೋನು ನನ್ನ ಮುಖ ನೋಡಿತು. ಇದೂ ಒಂದು ಪರೀಕ್ಷೆಯೆಂದುಕೊಂಡ ನಾನು ಅಪ್ಪಣೆ ಕೊಡಲಿಲ್ಲ. ಅದು ಅಮ್ಮನ ಕೈಯಿಂದ ಮುಖ ತಿರುಗಿಸಿತು.

"ಒಳ್ಳೆ ಕಲಿಸಿದ್ದೀರಿ" ಎಂದರು ಅಣ್ಣ. "ಕಳ್ಳರು ಎಂತ ಹಾಕಿದ್ರೂ ಮುಟ್ಟುದಿಲ್ಲ. ತೋಟಕ್ಕೆ ಇಂಥದ್ದೇ ಬೇಕು."

ಶೆಟ್ಟರು ತಾಯಿಯ ಕಡೆ ನೋಡಿದರು. ಅವರು ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. "ಕಳಿಸಿ. ನನ್ನ ಕೈಯದ್ದು ಬೇಡಾಂತಾದ್ರೆ ಇಲ್ಲಿ ಎಂತಕ್ಕೆ?"

ಕಲಿಸಿದ್ದನ್ನು ಮರೆಸುತ್ತೇನೆ, ಇನ್ನೊಂದು ವಾರ ಕೊಡಿ ಎಂದೆ. ಆದರೆ ಆ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದದ್ದು ಸೋನು ಒಂದೇ.

ನಿಫಾಡಿಗೆ ನಾನೇ ಕರೆದೊಯ್ದೆ. ದ್ರಾಕ್ಷಿ ಚಪ್ಪರದ ಕೆಳಗೆ ಸರಪಳಿ ಹಾಕಿ, ತೋಟದವರ ಕೈಯ ಭಾಕರಿ ರೊಟ್ಟಿ ತಿನ್ನಲು ಅಪ್ಪಣೆ ಕೊಟ್ಟೆ. ತಿಂದಿತು. ಅಲ್ಲೇ ಇರಬೇಕೆಂದು ಎಂದಿನಂತೆ "ಸ್ಟೇ" ಎಂದು ಹೊರಟೆ. ಶಿಷ್ಯನೊಬ್ಬ ನನ್ನ ಮಾತು ಮೀರಲಿ, ಒಂದು ಸಲವಾದರೂ ಆ ಸರಪಳಿ ಜಗ್ಗಲಿ ಎಂದು ನಾನು ಬಯಸಿದ್ದು ಆ ದಿನವೇ. ಗೇಟಿನ ಬಳಿ ಹಿಂತಿರುಗಿ ನೋಡಿದೆ.

ಸೋನು ಕುಳಿತೇ ಇತ್ತು.